ಮೂರು ಎಂಜಿನ್, ಮೂರು ಡಬ್ಬಿ: ಎಣ್ಣೆ ಎಷ್ಟು ಹಾಕಬೇಕು?

ಪ್ರಶ್ನೆ: ನಾನು ವಿಜಯಪುರದ ಕಡೆಯವನು, ಈಗ ಪುಣೆಯ ಚಿಂಚವಾಡದಲ್ಲಿದ್ದೇನೆ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ಕಂಟ್ರೋಲ್ ಲೈನ್ ವಿಮಾನ (ತಂತಿ ಕಟ್ಟಿ ಕೈಯಲ್ಲಿ ಹಿಡಿದು ಸುತ್ತ ಹಾರಿಸುವ ಮಾದರಿ ವಿಮಾನ) ಹಾರಿಸುತ್ತಿದ್ದೆ. ಮಗಳ ಜೊತೆ ಮತ್ತೆ ಶುರು ಮಾಡುವ ಆಸೆ. ಕೈಯಲ್ಲಿ ಮೂರು ಟೂ ಸ್ಟ್ರೋಕ್ ಎಂಜಿನ್ ಇವೆ: ಆಗಿನ ಕಾಲದ ಒಂದು 2.5 ಸಿಸಿ ಡೀಸೆಲ್, ಮುಂಬೈನ ಗೆಳೆಯರಿಂದ ಕೊಂಡ ಸೆಕೆಂಡ್ ಹ್ಯಾಂಡ್ .46 ಗ್ಲೋ (.46 ಘನ ಇಂಚಿನದು, ಕಾದ ಪ್ಲಗ್‌ನಿಂದ ಮೆಥನಾಲ್ ಹೊತ್ತಿಸಿ ಓಡುವುದು), ಹೊಸದಾದ 20 ಸಿಸಿ ಪೆಟ್ರೋಲ್. ಎಣ್ಣೆ ಎಷ್ಟು ಹಾಕಬೇಕು ಅಂದರೆ ಒಬ್ಬರು 20 ಪರ್ಸೆಂಟ್ ಅಂತಾರೆ, ಇನ್ನೊಬ್ಬರು 30ಕ್ಕೆ 1, ಮತ್ತೊಬ್ಬರು ‘ಮೂರೂ ಸಮ’. ಅಪ್ಪನ ಚೇತಕ್‌ಗೆ ಲೀಟರಿಗೆ 20 ಮಿ.ಲೀ. ಸಾಕಾಗುತ್ತಿತ್ತು. ಇದರಲ್ಲಿ ಯಾವುದು ಸರಿ? ಸ್ಕೂಟರಿನ 2ಟಿ ಆಯಿಲ್ ಮೂರಕ್ಕೂ ನಡೆಯುತ್ತಾ? ಗ್ಲೋ ಎಂಜಿನ್ ಜೊತೆ ಗೆಳೆಯರು ಹೋದ ವರ್ಷದ ಅರ್ಧ ಡಬ್ಬಿ ಇಂಧನವನ್ನೂ ಕೊಟ್ಟಿದ್ದಾರೆ. ಅದನ್ನು ಬಳಸಬಹುದಾ?

ಉತ್ತರ: ಮೂವರೂ ಹೇಳಿದ್ದು ಸರಿಯೇ. ಆದರೆ ಒಬ್ಬೊಬ್ಬರ ತಲೆಯಲ್ಲಿ ಇದ್ದದ್ದು ಒಂದೊಂದು ಎಂಜಿನ್. 20 ಪರ್ಸೆಂಟ್ ಗ್ಲೋ ಎಂಜಿನ್ನಿನ ಲೆಕ್ಕ. 30ಕ್ಕೆ 1 ಪೆಟ್ರೋಲಿನದು. ಮೂರೂ ಸಮ, ಅಂದರೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಒಂದೊಂದು ಪಾಲು ಅನ್ನುವುದು ಹಳೆಯ ಡೀಸೆಲ್‌ನವರ ಮಾತು. ಎಂಜಿನ್ ಯಾವುದು ಅಂತ ಕೇಳದೆ ಅಳತೆ ಹೇಳಿದ್ದಷ್ಟೇ ಅವರ ತಪ್ಪು. ನಿಮಗೆ ಮೂರು ಬೇರೆ ಬೇರೆ ಡಬ್ಬಿ ಬೇಕು. ಒಂದರದ್ದು ಇನ್ನೊಂದಕ್ಕೆ ಹೋಗಬಾರದು.

ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರೋಣ. ಪೆಟ್ರೋಲಿನವರು ‘ಇಷ್ಟಕ್ಕೆ 1’ ಅಂತ ಹೇಳುತ್ತಾರೆ. ಗ್ಲೋ ಮತ್ತು ಡೀಸೆಲ್‌ನವರು ಒಟ್ಟು ಮಿಶ್ರಣದಲ್ಲಿ ಎಷ್ಟು ಪರ್ಸೆಂಟ್ ಅಂತ ಹೇಳುತ್ತಾರೆ. 30ಕ್ಕೆ 1 ಅಂದರೆ ಸುಮಾರು 3.2 ಪರ್ಸೆಂಟ್. ನಿಮ್ಮ ಅಪ್ಪನ ಚೇತಕ್‌ನದು 50ಕ್ಕೆ 1, ಅಂದರೆ 2 ಪರ್ಸೆಂಟ್‌ಗೂ ಕೂದಲೆಳೆ ಕಡಿಮೆ. 20 ಪರ್ಸೆಂಟ್ ಅಂದರೆ 4ಕ್ಕೆ 1. ಮೂರೂ ಸಮ ಅಂದರೆ 2ಕ್ಕೆ 1, ಅಂದರೆ 33 ಪರ್ಸೆಂಟ್. ಚೇತಕ್‌ಗೂ ನಿಮ್ಮ ಡೀಸೆಲ್‌ಗೂ ಹತ್ತಿರ ಹತ್ತಿರ 17 ಪಟ್ಟು ವ್ಯತ್ಯಾಸ. ಗಾಬರಿಯಾಗುವುದು ಸಹಜ, ಅಲ್ವಾ?

ಇಷ್ಟು ವ್ಯತ್ಯಾಸ ಯಾಕೆ ಅನ್ನುವುದು ಗೊತ್ತಾದರೆ ಅಳತೆ ತಾನಾಗಿ ನೆನಪಿರುತ್ತದೆ. ಸ್ಕೂಟರ್ ಎಂಜಿನ್ ಒಳಗೆ ಕನೆಕ್ಟಿಂಗ್ ರಾಡ್‌ನ ದೊಡ್ಡ ತುದಿಯಲ್ಲಿ ಉಕ್ಕಿನ ಸಣ್ಣ ಸಣ್ಣ ರೋಲರ್‌ಗಳ ಬೇರಿಂಗ್ ಇರುತ್ತದೆ. ಉರುಳುವ ಬೇರಿಂಗ್‌ಗೆ ಎಣ್ಣೆಯ ತೇವ ಇದ್ದರೂ ಸಾಕು. ಪಿಸ್ಟನ್ ಮೇಲೆ ರಿಂಗ್ ಇದೆ. ತಣ್ಣಗಿಡಲು ಫ್ಯಾನ್ ಇದೆ. ವೇಗವೂ ಅಷ್ಟಕ್ಕಷ್ಟೇ. ನಿಮ್ಮ .46 ಗ್ಲೋ ಹಾಗಲ್ಲ. ಅದರ ರಾಡ್ ಅಲ್ಯೂಮಿನಿಯಂ, ತುದಿಯಲ್ಲಿ ಬರೀ ಕಂಚಿನ ಬುಷ್. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಬುಷ್ ಮತ್ತು ಕ್ರ್ಯಾಂಕ್ ಪಿನ್ ನಡುವೆ ಇರುವುದು ಒಂದು ಪೊರೆ ಎಣ್ಣೆ ಅಷ್ಟೇ. ಆ ಪೊರೆ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಈ ಗಾತ್ರದ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್‌ಗೆ ರಿಂಗ್ ಕೂಡ ಇರುವುದಿಲ್ಲ. ಹಿತ್ತಾಳೆ ಲೈನರ್‌ಗೆ ಕ್ರೋಮ್ ಲೇಪ, ಅದರೊಳಗೆ ಅಲ್ಯೂಮಿನಿಯಂ ಪಿಸ್ಟನ್. ಇದನ್ನೇ ಎಬಿಸಿ ಅಂತ ಕರೆಯುವುದು. ಇಲ್ಲಿ ಒತ್ತಡ ಸೋರದಂತೆ ತಡೆಯುವ ಕೆಲಸದಲ್ಲೂ ಎಣ್ಣೆಗೆ ಪಾಲಿದೆ.

ಇನ್ನೂ ಒಂದು ಕೆಲಸ ಇದೆ, ಅದನ್ನು ಜನ ಮರೆಯುತ್ತಾರೆ. ಎಣ್ಣೆ ಬಿಸಿಯನ್ನು ಹೊರಗೆ ಹೊತ್ತುಕೊಂಡು ಹೋಗುತ್ತದೆ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಮೆಥನಾಲ್‌ಗೆ 6.4 ಕೆಜಿ ಸಾಕು. ಹಾಗಾಗಿ ಅಷ್ಟೇ ಗಾಳಿ ಎಳೆದುಕೊಳ್ಳುವ ಎಂಜಿನ್, ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಮೆಥನಾಲ್ ಕುಡಿಯುತ್ತದೆ. ಅದರ ಜೊತೆ ಬಂದ ಎಣ್ಣೆಯಲ್ಲಿ ಬಹುಪಾಲು ಉರಿಯದೆ ಸೈಲೆನ್ಸರ್ ಮೂಲಕ ಹೊರಗೆ ಬೀಳುತ್ತದೆ. ರೆಕ್ಕೆ ಮೇಲೆ, ಪ್ಯಾಂಟ್ ಮೇಲೆ, ಕಾರಿನ ಸೀಟಿನ ಮೇಲೆ. ಅದು ದಂಡವಾದ ಎಣ್ಣೆ ಅಂತ ಎಣಿಸಬೇಡಿ. ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಹೊರಗೆ ಬಂದದ್ದು ಅದರಲ್ಲೇ.

ಎಂಜಿನ್ ಸಣ್ಣದಾದಷ್ಟೂ ಎಣ್ಣೆಯ ಪಾಲು ಏರುತ್ತದೆ ಅನ್ನುವುದು ಸಾಮಾನ್ಯ ನಿಯಮ. ಮುಂದೆ ಮಗಳಿಗೆಂದು 0.8 ಸಿಸಿಯ .049 ತೆಗೆದುಕೊಂಡರೆ 20ರಿಂದ 25 ಪರ್ಸೆಂಟ್ ಎಣ್ಣೆ ಬೇಕು. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಹರಳೆಣ್ಣೆ ಇರಲಿ.

ಈಗ 2ಟಿ ಆಯಿಲ್ ವಿಷಯ. ಇದು ಎಷ್ಟು ಎನ್ನುವುದಕ್ಕಿಂತ ಮೊದಲಿನ ಪ್ರಶ್ನೆ: ಕರಗುತ್ತಾ ಇಲ್ವಾ? ಸ್ಕೂಟರಿನ 2ಟಿ ಆಯಿಲ್ ಪೆಟ್ರೋಲಿನಲ್ಲಿ ಚೆನ್ನಾಗಿ ಕರಗುತ್ತದೆ, ಮೆಥನಾಲ್‌ನಲ್ಲಿ ಕರಗುವುದಿಲ್ಲ. ಹರಳೆಣ್ಣೆ ತದ್ವಿರುದ್ಧ: ಮೆಥನಾಲ್‌ನಲ್ಲಿ ಸಲೀಸಾಗಿ ಕರಗುತ್ತದೆ, ಪೆಟ್ರೋಲ್ ಮತ್ತು ಸೀಮೆಎಣ್ಣೆಯ ಜೊತೆ ಸರಿಯಾಗಿ ಸೇರುವುದಿಲ್ಲ. ನಂಬಿಕೆ ಬಾರದಿದ್ದರೆ ಗಾಜಿನ ಶೀಶೆಯಲ್ಲಿ ಸ್ವಲ್ಪ ಮೆಥನಾಲ್‌ಗೆ 2ಟಿ ಹಾಕಿ ಕುಲುಕಿ ಇಡಿ. ಸ್ವಲ್ಪ ಹೊತ್ತಿಗೆ ಎರಡು ಪದರ ಕಾಣುತ್ತದೆ. ಟ್ಯಾಂಕಿನಲ್ಲಿ ಹೀಗಾದರೆ ಎಂಜಿನ್‌ಗೆ ಒಮ್ಮೆ ಬರೀ ಮೆಥನಾಲ್, ಒಮ್ಮೆ ಬರೀ ಎಣ್ಣೆ. ಬರೀ ಮೆಥನಾಲ್ ಹೋದಾಗಲೇ ಬುಷ್ ಸುಡುತ್ತದೆ.

ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳು ಹರಳೆಣ್ಣೆ ಬಳಸಿದ್ದಕ್ಕೂ ಪೆಟ್ರೋಲ್ ಜೊತೆ ಸರಿಯಾಗಿ ಸೇರದ ಇದೇ ಗುಣ ಕಾರಣ. ಅವುಗಳಲ್ಲಿ ಪೆಟ್ರೋಲ್ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗುತ್ತಿತ್ತು. ಬೇರೆ ಎಣ್ಣೆಯಾದರೆ ಪೆಟ್ರೋಲ್ ಅದನ್ನು ತೊಳೆದುಬಿಡುತ್ತಿತ್ತು. ಪೈಲಟ್‌ಗಳ ಹೊಟ್ಟೆ ಅದರಿಂದ ಏನಾಯಿತು ಅನ್ನುವುದು ಬೇರೆ ಕಥೆ, ಹರಳೆಣ್ಣೆ ಕುಡಿದು ಬೆಳೆದ ನಮ್ಮ ಪೀಳಿಗೆಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಿಮ್ಮ .46 ಗ್ಲೋ. ಇದು 7.5 ಸಿಸಿ. ಈ ಅಳತೆಯ ಎಂಜಿನ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 18ರಿಂದ 20 ಪರ್ಸೆಂಟ್ ಎಣ್ಣೆ ಅಂತ ಇರುತ್ತದೆ. ನೀವು 20 ಹಾಕಿ. ಸೆಕೆಂಡ್ ಹ್ಯಾಂಡ್ ಎಂಜಿನ್, ಹಿಂದಿನವರು ಹೇಗೆ ಓಡಿಸಿದ್ದರೋ ಗೊತ್ತಿಲ್ಲ. ನಿಮಗೂ ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ತಿರುಗಿಸಿ ಬಹಳ ವರ್ಷ ಆಗಿದೆ. 15-16ಕ್ಕೆ ಇಳಿಸಿದರೆ ಸ್ವಲ್ಪ ಜೋರು ಸಿಗುತ್ತದೆ, ರೆಕ್ಕೆ ಸ್ವಲ್ಪ ಚೊಕ್ಕಟ ಇರುತ್ತದೆ, ಅಷ್ಟೇ ಲಾಭ. ನಷ್ಟ ಆದರೆ ಇಡೀ ಎಂಜಿನ್. ನನ್ನ ದೃಷ್ಟಿಯಲ್ಲಿ ಇದು ಕೂಡಿಬರುವ ವ್ಯಾಪಾರ ಅಲ್ಲ.

ಯಾವ ಎಣ್ಣೆ? ಸಿಂಥೆಟಿಕ್ ಎಣ್ಣೆ ಚೊಕ್ಕಟವಾಗಿ ಕೆಲಸ ಮಾಡುತ್ತದೆ, ಒಳಗೆ ಕಂದು ಪದರ ಕಟ್ಟುವುದಿಲ್ಲ. ಆದರೆ ಎಂಜಿನ್ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗದೆ, ವಿಪರೀತ ಬಿಸಿಯಾದ ಗಳಿಗೆಯಲ್ಲಿ ಉರಿದು ಹೋಗುತ್ತದೆ, ಕೈ ಕೊಡುತ್ತದೆ. ಹರಳೆಣ್ಣೆ ಬಿಸಿ ಏರಿದಾಗ ಇನ್ನಷ್ಟು ಅಂಟಿಕೊಳ್ಳುತ್ತದೆ, ಗಟ್ಟಿ ಪೊರೆಯಾಗಿ ಲೋಹವನ್ನು ಕಾಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಆ ಕಂದು ವಾರ್ನಿಷ್. ಹಾಗಾಗಿಯೇ ವಿದೇಶಗಳ ರೆಡಿಮೇಡ್ ಇಂಧನದಲ್ಲಿ ಹೆಚ್ಚು ಪಾಲು ಸಿಂಥೆಟಿಕ್ ಇದ್ದು, ಮೇಲೆ ಮೂರು ನಾಲ್ಕು ಪರ್ಸೆಂಟ್ ಹರಳೆಣ್ಣೆ ಸೇರಿಸುವ ಪದ್ಧತಿ ಬಂದದ್ದು. ನಮಗೆ ಅಷ್ಟು ತಲೆಬಿಸಿ ಬೇಡ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು, ಅದರಲ್ಲೂ ಗುಜರಾತ್, ಇಲ್ಲಿಂದ ಒಂದು ರಾತ್ರಿಯ ದಾರಿ. ಪೂರ್ತಿ 20 ಪರ್ಸೆಂಟೂ ಹರಳೆಣ್ಣೆಯೇ ಹಾಕಿ. ಕೊಳ್ಳುವಾಗ ಎಚ್ಚರ ಇರಲಿ. ನಿಮ್ಮ ಕಡೆ ಔಡಲೆಣ್ಣೆ ಅನ್ನುವುದನ್ನು ಪುಣೆಯಲ್ಲಿ ಎರಂಡೇಲ್ ತೇಲ್ ಅಂತ ಕೇಳಬೇಕು. ತಲೆಗೆ ಹಚ್ಚುವ ಸುವಾಸನೆಯ ಎಣ್ಣೆ, ಬೇರೆ ಎಣ್ಣೆ ಬೆರೆಸಿದ್ದು ಬೇಡ. ಮನೆಯಲ್ಲಿ ಕುದಿಸಿ ತೆಗೆದದ್ದೂ ಬೇಡ, ಅದರಲ್ಲಿ ನೀರಿನಂಶ ಉಳಿದಿರಬಹುದು. ತಿಳಿಯಾದ, ಶುದ್ಧೀಕರಿಸಿದ, ಲೇಬಲ್ ಮೇಲೆ ಬರೀ ಹರಳೆಣ್ಣೆ ಅಂತ ಇರುವುದೇ ಬೇಕು. ಮೆಥನಾಲ್‌ಗೆ ಹಾಕಿ ಕುಲುಕಿದಾಗ ತಿಳಿಯಾಗಿಯೇ ಇರಬೇಕು. ಮಬ್ಬು ಬಂದರೆ ಆ ಬಾಟಲಿ ಬೇರೆ ಕೆಲಸಕ್ಕೆ.

ಗ್ಲೋ ಇಂಧನಕ್ಕೆ ಕೆಲವರು ಬೆರೆಸುವ ನೈಟ್ರೊಮೀಥೇನ್ ಇಲ್ಲದೆ ನಡೆಯುತ್ತಾ ಅಂತ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. ನಡೆಯುತ್ತದೆ. ನೈಟ್ರೊ 5 ಪರ್ಸೆಂಟ್ ಇದ್ದರೆ ಐಡಲ್ ಚೆನ್ನಾಗಿ ಬರುತ್ತದೆ, ಶುರು ಮಾಡುವುದು ಸುಲಭ. ಇಲ್ಲಿ ಅದು ದುಬಾರಿ, ಸಿಗುವುದೂ ಕಷ್ಟ. ಅಂತರರಾಷ್ಟ್ರೀಯ ಸ್ಪರ್ಧೆಗಳ ಎಫ್2ಎ ಸ್ಪೀಡ್ ವಿಭಾಗದಲ್ಲಿ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆಯೇ ಅಧಿಕೃತ ಇಂಧನ, ನೈಟ್ರೊ ಇಲ್ಲ. ಅದರಲ್ಲೇ 2.5 ಸಿಸಿ ಎಂಜಿನ್‌ಗಳು ಗಂಟೆಗೆ 300 ಕಿ.ಮೀ. ಹತ್ತಿರ ಹೋಗುತ್ತವೆ. ನಿಮ್ಮ ಟ್ರೈನರ್ ವಿಮಾನಕ್ಕೆ ಧಾರಾಳ ಸಾಕು. ಸ್ವಲ್ಪ ಹಾಟ್ ಪ್ಲಗ್, ಅಂದರೆ ಬಿಸಿ ಹೆಚ್ಚು ಉಳಿಸಿಕೊಳ್ಳುವ ಪ್ಲಗ್ ಹಾಕಿ.

ಅಳೆಯುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. 20 ಪರ್ಸೆಂಟ್ ಅನ್ನುವುದು ಗಾತ್ರದಲ್ಲಿ, ತೂಕದಲ್ಲಿ ಅಲ್ಲ. ಹರಳೆಣ್ಣೆ ಮಿ.ಲೀ.ಗೆ ಸುಮಾರು 0.96 ಗ್ರಾಂ ತೂಗುತ್ತದೆ, ಮೆಥನಾಲ್ ಸುಮಾರು 0.79 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ 800 ಗ್ರಾಂ ಮೆಥನಾಲ್, 200 ಗ್ರಾಂ ಎಣ್ಣೆ ತೂಗಿದರೆ ನಿಮಗೆ ಸಿಗುವುದು 17 ಪರ್ಸೆಂಟ್ ಮಾತ್ರ. ಹಾಗಂತ ತಕ್ಕಡಿ ಕೆಟ್ಟದ್ದಲ್ಲ, ಅದೇ ಒಳ್ಳೆಯದು. ಅಳತೆ ಗ್ಲಾಸಿನ ಗೋಡೆಗೆ ಹರಳೆಣ್ಣೆ ಅಂಟಿಕೊಂಡು ಪ್ರತಿ ಸಲ ಕಡಿಮೆ ಬೀಳುತ್ತದೆ, ತಕ್ಕಡಿಗೆ ಆ ತೊಂದರೆ ಇಲ್ಲ. 1 ಲೀಟರಿಗೆ 192 ಗ್ರಾಂ ಎಣ್ಣೆ, 632 ಗ್ರಾಂ ಮೆಥನಾಲ್ ಅಂತ ಬರೆದು ಡಬ್ಬಿಗೆ ಅಂಟಿಸಿಬಿಡಿ. ಆದರೆ ಆ ತಕ್ಕಡಿ ಮತ್ತೆ ಅಡುಗೆಮನೆಗೆ ಹೋಗಬಾರದು.

ಮೆಥನಾಲ್ ಬಗ್ಗೆ ಇನ್ನೊಂದು ಮಾತು, ಮನೆಯಲ್ಲಿ ಮಗಳಿದ್ದಾಳೆ ಅನ್ನುವ ಕಾರಣಕ್ಕೆ. 2015ರ ಜೂನ್‌ನಲ್ಲಿ ಮುಂಬೈನ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಇದೇ ಮೆಥನಾಲ್. ಸ್ವಲ್ಪ ಒಳಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಕೈಗವಸು ಹಾಕಿಕೊಳ್ಳಿ. ಅದರ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಪರವಾನಗಿ ಇರುವ ಕೆಮಿಕಲ್ ವ್ಯಾಪಾರಿಯಿಂದ ಬಿಲ್ ಸಮೇತ ಕೊಳ್ಳಿ. ಯಾವ ಕಾರಣಕ್ಕೂ ನೀರಿನ ಬಾಟಲಿಯಲ್ಲಿ, ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ.

ಇನ್ನು ಹಳೆಯ ಡೀಸೆಲ್. ನನಗೆ ಇಷ್ಟವಾದ ಜಾತಿ ಇದು. ಬ್ಯಾಟರಿ ಬೇಡ, ಪ್ಲಗ್ ಬೇಡ, ಮೇಲಿನ ತಿರುಪು ತಿರುಗಿಸಿ ಒತ್ತಡ ಹೊಂದಿಸಿದರೆ ಸಾಕು. ಹೆಸರು ಡೀಸೆಲ್ ಅಂತ ಇದ್ದರೂ ಬಂಕ್‌ನ ಡೀಸೆಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಇದರ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆ. ಸೀಮೆಎಣ್ಣೆ ಉರಿದು ಶಕ್ತಿ ಕೊಡುತ್ತದೆ. ಈಥರ್ ಒತ್ತಡದ ಬಿಸಿಗೇ ಹೊತ್ತಿಕೊಂಡು ಉರಿಯನ್ನು ಶುರು ಮಾಡುತ್ತದೆ. ಈಥರ್‌ಗೆ ಇನ್ನೊಂದು ಕೆಲಸವೂ ಇದೆ. ಒಂದಕ್ಕೊಂದು ಸೇರದ ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಅದು ಒಟ್ಟಿಗೆ ಹಿಡಿದಿಡುತ್ತದೆ. ಹಾಗಾಗಿ ಬೆರೆಸುವಾಗ ಕ್ರಮ ಮುಖ್ಯ: ಮೊದಲು ಎಣ್ಣೆಗೆ ಈಥರ್ ಹಾಕಿ ಕರಗಿಸಿ, ಆಮೇಲೆ ಸೀಮೆಎಣ್ಣೆ.

ಎನ್‌ಸಿಸಿಯಲ್ಲಿ ನೀವು ಬಳಸುತ್ತಿದ್ದದ್ದು ಬಹುಶಃ ಮೂರೂ ಸಮದ ಮಿಶ್ರಣವೇ. ಅದು ಕೆಟ್ಟ ಮಿಶ್ರಣ ಅಲ್ಲ. ಎಬ್ಬಿಸಿ ನೋಡಲು, ಹೊಸ ಎಂಜಿನ್ ಪಳಗಿಸಲು ಇವತ್ತಿಗೂ ಅದೇ ಚೆಂದ. ಉಕ್ಕಿನ ಲೈನರಿನೊಳಗೆ ಎರಕದ ಕಬ್ಬಿಣದ ಪಿಸ್ಟನ್, ಬಾಲ್ ಬೇರಿಂಗ್ ಇಲ್ಲದ ಬುಷ್, ಇಂಥ ಎಂಜಿನ್‌ಗೆ ಎಣ್ಣೆ 25 ಪರ್ಸೆಂಟ್‌ಗಿಂತ ಇಳಿಸಲೇಬಾರದು. ಎಂಜಿನ್ ಚೆನ್ನಾಗಿ ತಿರುಗುತ್ತಿದೆ ಅನಿಸಿದ ಮೇಲೆ ಈಥರ್ 33, ಸೀಮೆಎಣ್ಣೆ 38, ಹರಳೆಣ್ಣೆ 27, ಇಗ್ನಿಷನ್ ಇಂಪ್ರೂವರ್ 2 ಅಂತ ಹೋಗಬಹುದು. ಈ ಇಂಪ್ರೂವರ್ ಅಂದರೆ ಅಮೈಲ್ ನೈಟ್ರೇಟ್ ಅಥವಾ ಅದರ ದಾಯಾದಿ 2-ಈಥೈಲ್‌ಹೆಕ್ಸೈಲ್ ನೈಟ್ರೇಟ್. ಸಿಗಲಿಲ್ಲ ಅಂದರೆ ಬಿಡಿ, ಮೂರೂ ಸಮದಲ್ಲೇ ಹಾರಿಸಿ. ಸಿಕ್ಕಿತು ಅಂತ ಜಾಸ್ತಿ ಸುರಿಯಬೇಡಿ. ಎಂಜಿನ್ ಒರಟಾಗಿ ಬಡಿದುಕೊಳ್ಳುತ್ತದೆ, ರಾಡ್ ಮೇಲೆ ಭಾರ ಬೀಳುತ್ತದೆ.

ಅದಕ್ಕೂ ಮೊದಲು, ಇಷ್ಟು ವರ್ಷ ಸುಮ್ನೆ ಕೂತ ಎಂಜಿನ್ ಈಗ ತಿರುಗುತ್ತಿಲ್ಲ ಅಂದರೆ ಪ್ರೊಪೆಲರ್ ಹಿಡಿದು ಜಗ್ಗಬೇಡಿ. ಒಳಗಿನ ಹಳೆಯ ಹರಳೆಣ್ಣೆ ಗೋಂದಿನಂತೆ ಕಟ್ಟಿಕೊಂಡಿರುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಎಕ್ಸಾಸ್ಟ್ ಕಿಂಡಿಯಿಂದ ಕೆಲವು ಹನಿ ಮೆಥನಾಲ್ ಬಿಟ್ಟು ಕಾಯಿರಿ. ಇದನ್ನು ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಬಿಸಿ ಗಾಳಿ, ಮೆಥನಾಲ್ ಎರಡೂ ಒಟ್ಟಿಗೆ ಬೇಡ.

ಈಥರ್ 34.6 ಡಿಗ್ರಿಗೆ ಕುದಿಯುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಬಿಸಿ! ಮುಚ್ಚಳ ಸಡಿಲ ಇದ್ದರೆ ಈಥರ್ ಹಾರಿಹೋಗುತ್ತದೆ, ಉಳಿದ ಮಿಶ್ರಣ ಪ್ರೊಪೆಲರ್ ಎಷ್ಟು ತಟ್ಟಿ ತಿರುಗಿಸಿದರೂ ಹೊತ್ತಿಕೊಳ್ಳುವುದಿಲ್ಲ. ಕೆಲವರು ಎಂಜಿನ್ ಕೆಟ್ಟಿತು ಅಂದುಕೊಂಡು ಬಿಚ್ಚಿಡುತ್ತಾರೆ, ಕೆಟ್ಟದ್ದು ಡಬ್ಬಿ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಹಾರಿಸಿ, ಬೇಕಾದಷ್ಟೇ ಬೆರೆಸಿ. ತಂಪಿಗೆಂದು ಮನೆಯ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಮುಚ್ಚಿದ ಜಾಗದಲ್ಲಿ ಈಥರ್ ಆವಿ ತುಂಬಿದಾಗ ಫ್ರಿಜ್ಜಿನ ಸ್ವಿಚ್ಚಿನ ಒಂದು ಕಿಡಿ ಸಾಕು. ತೆರೆದಿಟ್ಟ ಈಥರ್ ಬಹಳ ಕಾಲ ಗಾಳಿ, ಬೆಳಕಿಗೆ ಸಿಕ್ಕರೆ ಪೆರಾಕ್ಸೈಡ್ ಕಟ್ಟುತ್ತದೆ, ಅದು ಸಿಡಿಯುವ ವಸ್ತು. ಕಂದು ಬಾಟಲಿ, ಬಿಗಿ ಮುಚ್ಚಳ, ಸಣ್ಣ ಪ್ರಮಾಣ.

20 ಸಿಸಿ ಪೆಟ್ರೋಲ್ ಎಂಜಿನ್‌ದು ಚಿಕ್ಕ ಕಥೆ. ಇದು ನಿಮ್ಮ ಚೇತಕ್‌ನ ನೆಂಟ: ರೋಲರ್ ಬೇರಿಂಗ್ ಇದೆ, ರಿಂಗ್ ಇದೆ, ವೇಗ ಕಡಿಮೆ. ಹಾಗಾಗಿ ಮೂರು ಪರ್ಸೆಂಟ್ ಎಣ್ಣೆ ಸಾಕು. 30ಕ್ಕೆ 1 ಅಂದರೆ ಲೀಟರಿಗೆ 33 ಮಿ.ಲೀ. ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಪಳಗಿದ ಮೇಲೆ 40ಕ್ಕೆ 1, ಅಂದರೆ ಲೀಟರಿಗೆ 25 ಮಿ.ಲೀ.ಗೆ ಇಳಿಸಬಹುದು ಅಂತ ಹೇಳುವವರಿದ್ದಾರೆ. ನಾನಾದರೆ 30ರಲ್ಲೇ ಇರುತ್ತೇನೆ. ಉಳಿಯುವುದು ಲೀಟರಿಗೆ 8 ಮಿ.ಲೀ. ಎಣ್ಣೆ, ಅದರ ಹಣಕ್ಕೆ ಒಂದು ವಡಾಪಾವೂ ಬರುವುದಿಲ್ಲ. ಚೇತಕ್‌ನ 50ಕ್ಕೆ 1 ಇಲ್ಲಿ ಬೇಡ. ಚೇತಕ್‌ಗೆ ಫ್ಯಾನ್ ಇತ್ತು, ಇದು ವಿಮಾನದ ಮೂತಿಯ ಕವಚದೊಳಗೆ ಸಿಕ್ಕಷ್ಟು ಗಾಳಿಯಲ್ಲಿ ದುಡಿಯಬೇಕು. ಎಣ್ಣೆಯ ಡಬ್ಬಿ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ (ಟೂ ಸ್ಟ್ರೋಕ್ ಎಣ್ಣೆಯ ಜಪಾನಿ ಗುಣಮಟ್ಟದ ಗುರುತು) ಅಂತ ಇರುವುದನ್ನು ನೋಡಿ ಕೊಳ್ಳಿ. ದೋಣಿ ಎಂಜಿನ್‌ಗಳ ಟಿಸಿ-ಡಬ್ಲ್ಯು3 ಎಣ್ಣೆ ಬೇಡ, ಅದು ನೀರಿನಿಂದ ತಣ್ಣಗಾಗುವ ಎಂಜಿನ್‌ಗೆ ಮಾಡಿದ್ದು.

ಇಲ್ಲಿ ಎಣ್ಣೆಗಿಂತ ಪೆಟ್ರೋಲ್ ಬಗ್ಗೆ ಹೆಚ್ಚು ಯೋಚಿಸಬೇಕಾಗಿದೆ. ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ತನಕ ಎಥನಾಲ್ ಬೆರೆತದ್ದು. ಎಥನಾಲ್ ನೀರು ಹೀರುತ್ತದೆ. ಪುಣೆಯ ಜುಲೈ, ಅರ್ಧ ಖಾಲಿ ಡಬ್ಬಿ, ಸಡಿಲ ಮುಚ್ಚಳ, ಇಷ್ಟು ಸಾಕು. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ನಿಮ್ಮ 2ಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ವಿಮಾನದ ಟ್ಯಾಂಕಿನಲ್ಲಿ ಇಂಧನ ಎಳೆಯುವ ತೂಕದ ತುದಿ ಇರುವುದು ಎಲ್ಲಿ? ತಳದಲ್ಲಿ. ಅಂದರೆ ಎಂಜಿನ್ ಮೊದಲು ಕುಡಿಯುವುದು ಎಣ್ಣೆಯೇ ಇಲ್ಲದ ಎಥನಾಲ್ ನೀರು. ಅಳತೆ ಪಕ್ಕಾ ಇದ್ದೂ ಎಂಜಿನ್ ಸೀಜ್ ಆಗಲು ಇದೂ ಒಂದು ದಾರಿ. ಎಷ್ಟು ಎಥನಾಲ್ ಇದೆ ಅಂತ ನೋಡಬೇಕಾ? ಗೆರೆ ಇರುವ ಗಾಜಿನ ಸಿಲಿಂಡರಿನಲ್ಲಿ 10 ಮಿ.ಲೀ. ನೀರು, 100 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ ಬಿಡಿ. ತಳದ ನೀರಿನ ಪದರ 30 ಮಿ.ಲೀ. ಹತ್ತಿರ ಬಂದರೆ ಎಥನಾಲ್ 20 ಪರ್ಸೆಂಟ್ ಇದೆ ಅಂತ ಅರ್ಥ. ಎಥನಾಲ್ ಬೆರೆತ ಪೆಟ್ರೋಲಿಗೆ ನೀಡಲನ್ನು ಸ್ವಲ್ಪ ಜಾಸ್ತಿ ತೆರೆಯಬೇಕಾಗುತ್ತದೆ. ಕಾರ್ಬ್ಯುರೇಟರಿನ ರಬ್ಬರ್ ಪೊರೆಯೂ ಬೇಗ ಗಟ್ಟಿಯಾಗುತ್ತದೆ. ಹಾರಾಟ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವ ತನಕ ಎಂಜಿನ್ ಓಡಿಸಿಬಿಡಿ.

ಇಷ್ಟೆಲ್ಲ ಎಣ್ಣೆಯ ಲೆಕ್ಕ ಹೇಳಿ ಈಗ ಒಂದು ಮಾತು: ಸಣ್ಣ ಎಂಜಿನ್‌ಗಳು ಎಣ್ಣೆ ಎರಡು ಪರ್ಸೆಂಟ್ ಕಡಿಮೆ ಆಯಿತು ಅಂತ ಸಾಯುವುದು ಅಪರೂಪ. ಸಾಯುವುದು ನೀಡಲ್ ಜಾಸ್ತಿ ಬಿಗಿ ಮಾಡಿ ಲೀನ್ ಓಡಿಸಿದ್ದಕ್ಕೆ. ಎಣ್ಣೆ ಒಳಗೆ ಹೋಗುವುದೇ ಇಂಧನದ ಜೊತೆ. ಇಂಧನ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆ, ಅದೇ ಹೊತ್ತಿಗೆ ಬಿಸಿಯೂ ಜಾಸ್ತಿ. ನೀವು 25 ಪರ್ಸೆಂಟ್ ಎಣ್ಣೆ ಹಾಕಿಯೂ ಲೀನ್ ಓಡಿಸಿದರೆ ಎಂಜಿನ್ ಉಳಿಯುವುದಿಲ್ಲ. ಎಣ್ಣೆಯ ಅಳತೆ ಬದಲಿಸಿದಾಗಲೆಲ್ಲ ನೀಡಲ್ ಮತ್ತೆ ಹೊಂದಿಸಬೇಕು ಅನ್ನುವುದನ್ನೂ ಮರೆಯಬೇಡಿ. ಎಣ್ಣೆ ಹೆಚ್ಚಿಸಿದರೆ ಅಷ್ಟೇ ತೆರೆದ ನೀಡಲ್‌ನಲ್ಲಿ ಉರಿಯುವ ಇಂಧನ ಕಡಿಮೆ ಬರುತ್ತದೆ, ಮಂದ ದ್ರವ ನಿಧಾನವಾಗಿ ಹರಿಯುತ್ತದೆ. ಎರಡೂ ಸೇರಿ ಎಂಜಿನ್ ಲೀನ್ ಆಗುತ್ತದೆ. ಜಾಸ್ತಿ ಎಣ್ಣೆ ಹಾಕಿದ್ದೇನೆ, ಭಯ ಇಲ್ಲ ಅಂತ ಕುಳಿತವರು ಇಲ್ಲೇ ಮೋಸ ಹೋಗುವುದು.

ನಿಮ್ಮ .46 ಮುಂಬೈನಿಂದ ಬಂದದ್ದು ಅಂದಿರಿ. ಅಲ್ಲಿ ಹೊಂದಿಸಿದ ನೀಡಲ್ ಇಲ್ಲಿ ನಡೆಯುವುದಿಲ್ಲ. ಪುಣೆ ಸಮುದ್ರ ಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಸುಮಾರು 5 ಪರ್ಸೆಂಟ್ ತೆಳು. ಅದೇ ನೀಡಲ್‌ನಲ್ಲಿ ಇಲ್ಲಿ ಎಂಜಿನ್ ಸ್ವಲ್ಪ ರಿಚ್ ಆಗಿ (ಇಂಧನ ಜಾಸ್ತಿಯಾಗಿ) ಓಡುತ್ತದೆ, ಅದು ಕ್ಷೇಮದ ಕಡೆ. ತೊಂದರೆ ವಾಪಸ್ ಹೋಗುವಾಗ. ಇಲ್ಲಿ ಹೊಂದಿಸಿದ ಎಂಜಿನ್ನನ್ನು ಘಾಟ್ ಇಳಿಸಿ ಮುಂಬೈನಲ್ಲೋ ಗೋವಾದಲ್ಲೋ ಹಾಗೇ ಹಾರಿಸಿದರೆ ಅದು ಲೀನ್. ಡಿಸೆಂಬರಿನ ಚಳಿ ಬೆಳಿಗ್ಗೆ ಗಾಳಿ ದಟ್ಟ, ಹರಳೆಣ್ಣೆಯೂ ಮಂದ. ಆಗಲೂ ನೀಡಲ್ ಸ್ವಲ್ಪ ತೆರೆಯಬೇಕು. ಇನ್ನೊಂದು: ಮುಂಬೈನ ಉಪ್ಪುಗಾಳಿಯಲ್ಲಿದ್ದ ಎಂಜಿನ್ ಆದ್ದರಿಂದ ಕೈಯಲ್ಲಿ ತಿರುಗಿಸಿ ಕ್ರ್ಯಾಂಕ್‌ನ ಬಾಲ್ ಬೇರಿಂಗ್ ಸದ್ದು ಕೇಳಿ. ಕರಕರ ಅಂದರೆ ತುಕ್ಕು. ಮೊದಲು ಬೇರಿಂಗ್ ಬದಲಿಸಿ, ಆಮೇಲೆ ಎಣ್ಣೆಯ ಮಾತು.

ನೀಡಲ್ ಹೊಂದಿಸುವುದು ಹೀಗೆ. ಥ್ರಾಟಲ್ ಪೂರ್ತಿ ತೆರೆದು, ನೀಡಲನ್ನು ನಿಧಾನವಾಗಿ ಬಿಗಿ ಮಾಡುತ್ತಾ ಗರಿಷ್ಠ ವೇಗ ಮುಟ್ಟಿ. ಅಲ್ಲಿಂದ 300-500 ಸುತ್ತು ಕಡಿಮೆ ಆಗುವಷ್ಟು ಹಿಂದಕ್ಕೆ ತೆರೆಯಿರಿ. ಈಗ ಇಂಧನದ ಪೈಪನ್ನು ಕ್ಷಣ ಕಾಲ ಚಿವುಟಿ. ಸದ್ದು ಸ್ವಲ್ಪ ಏರಿ ಆಮೇಲೆ ಇಳಿದರೆ ಸರಿ. ಏರದೆ ನೇರ ಕುಸಿದರೆ ಲೀನ್. ವಿಮಾನದ ಮೂಗನ್ನು ಮೇಲಕ್ಕೆ ಎತ್ತಿ ಹಿಡಿದಾಗಲೂ ಸದ್ದು ಕುಗ್ಗಬಾರದು. ಇದನ್ನೆಲ್ಲ ಮಾಡುವಾಗ ಮಗಳು ನಿಮ್ಮ ಹಿಂದೆ ಇರಲಿ, ಪ್ರೊಪೆಲರಿನ ಎದುರಿಗೂ ಪಕ್ಕಕ್ಕೂ ಬೇಡ. ಒಂದೆರಡು ಹಾರಾಟದ ಬಳಿಕ ಸೈಲೆನ್ಸರಿನಿಂದ ಬಿದ್ದ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಒರೆಸಿ ನೋಡಿ. ತಿಳಿ ಹೊಂಬಣ್ಣ ಇದ್ದರೆ ಎಲ್ಲ ಸರಿ. ಕಪ್ಪಗಾದರೆ ಬಿಸಿ ಜಾಸ್ತಿ, ನೀಡಲ್ ತೆರೆಯಿರಿ. ಬೂದು ಬಣ್ಣ, ಬೆಳ್ಳಿಯಂತೆ ಹೊಳೆಯುವ ಕಣ ಕಂಡರೆ ಲೋಹ ಸವೆಯುತ್ತಿದೆ, ಅವತ್ತಿಗೆ ನಿಲ್ಲಿಸಿ ಎಂಜಿನ್ ಬಿಚ್ಚಿ. ದಿನದ ಕೊನೆಗೆ ಗ್ಲೋ ಎಂಜಿನ್‌ನಲ್ಲಿ ಉಳಿದ ಇಂಧನ ಉರಿಸಿ ಖಾಲಿ ಮಾಡಿ, ಕಾರ್ಬ್ಯುರೇಟರಿಗೂ ಪ್ಲಗ್ ತೂತಿಗೂ ತೆಳುವಾದ ಮೆಷಿನ್ ಎಣ್ಣೆ ಎರಡು ಹನಿ ಬಿಟ್ಟು ಕೈಯಿಂದ ತಿರುಗಿಸಿ ಇಡಿ. ಮೆಥನಾಲ್ ಉಳಿದರೆ ನೀರು ಹೀರಿ ಬೇರಿಂಗ್ ತಿನ್ನುತ್ತದೆ.

ಕೊನೆಗೆ ಗೆಳೆಯರು ಕೊಟ್ಟ ಅರ್ಧ ಡಬ್ಬಿ. ಒಂದು ಮಳೆಗಾಲ ದಾಟಿದೆ, ಡಬ್ಬಿಯೊಳಗೆ ಅರ್ಧ ಗಾಳಿ, ಬೆರೆಸಿದ ಅಳತೆ ಗೊತ್ತಿಲ್ಲ. ಮೆಥನಾಲ್ ಸ್ವಲ್ಪ ನೀರು ಹೀರಿದ್ದರೂ ಪದರ ಒಡೆಯದೆ ತಿಳಿಯಾಗಿ ಕಾಣಬಲ್ಲದು, ಹಾಗಾಗಿ ಕಣ್ಣಿಂದ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಅದನ್ನು ಎಂಜಿನ್‌ಗೆ ಹಾಕಬೇಡಿ. ಹೊಸದಾಗಿ ಅರ್ಧ ಲೀಟರ್ ಬೆರೆಸಿಕೊಳ್ಳಿ: 96 ಗ್ರಾಂ ಎಣ್ಣೆ, 316 ಗ್ರಾಂ ಮೆಥನಾಲ್. ಹಳೆಯದನ್ನು ಮೋರಿಗೆ ಸುರಿಯಬೇಡಿ, ಬಿಗಿ ಮುಚ್ಚಿ ‘ವಿಷ’ ಅಂತ ಬರೆದು ನಿಮಗೆ ಮೆಥನಾಲ್ ಮಾರಿದ ಕೆಮಿಕಲ್ ವ್ಯಾಪಾರಿಯನ್ನೇ ಕೇಳಿ, ಕೆಟ್ಟ ರಾಸಾಯನಿಕ ಎಲ್ಲಿ ಒಪ್ಪಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ.